ಮಗಳಿಗೊಂದು ಪತ್ರ: ಎರಡು ದಿನ ರಜೆ ಹಾಕು

ಚಿಕ್ಕಮಗಳೂರು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ‘ಏನಿಲ್ಲಪ್ಪ, ನೆಗಡಿ ಅಷ್ಟೇ’ ಎಂದೆ. ನನಗೆ ಕೇಳಿಸಿದ್ದು ‘ಏದಿಲ್ಲಪ್ಪ, ದೆಗಡಿ’. ಮೂಗು ಪೂರ್ತಿ ಕಟ್ಟಿದಾಗ ‘ನ’ ಹೊರಡುವುದಿಲ್ಲ, ‘ಮ’ ಹೋಗಿ ‘ಬ’ ಆಗುತ್ತದೆ. ಮೂವತ್ತು ವರ್ಷ ಮೆಡಿಕಲ್ ಅಂಗಡಿಯಲ್ಲಿ ನಿಂತವನಿಗೆ ಅಷ್ಟು ಸಾಕು. ಅದರ ಮೇಲೆ ‘ತಿಂಗಳ ಕೊನೆ, ಕಚೇರಿಗೆ ಹೋಗಲೇಬೇಕು’ ಎಂದೆಯಲ್ಲ, ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಇಲ್ಲಿ ಪುಷ್ಯ ಮಳೆ ಹಿಡಿದುಕೊಂಡಿದೆ. ಮುಳ್ಳಯ್ಯನಗಿರಿ ಕಾಣದೆ ನಾಲ್ಕು ದಿನವಾಯಿತು. ಅಂಗಡಿಗೆ ಬರುವವರಲ್ಲಿ ಅರ್ಧ ಜನ ಮೂಗು ಒರೆಸಿಕೊಳ್ಳುತ್ತಲೇ ಬರುತ್ತಾರೆ. ಮಳೆಯಲ್ಲಿ ನೆನೆದದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ನೆಗಡಿ ತರುವುದು ವೈರಸ್, ಅದರಲ್ಲೂ ಹೆಚ್ಚಾಗಿ ರೈನೋವೈರಸ್. ಮಳೆಗೆ ಕಿಟಕಿ ಮುಚ್ಚಿದ ಬಸ್ಸಿನಲ್ಲಿ, ಕಚೇರಿಯಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುತ್ತದೆ. ಮೊದಲ ಎರಡು ಮೂರು ದಿನವೇ ಅತಿ ಹೆಚ್ಚು ಅಂಟುವುದು, ನಿನ್ನ ಮೈಗೆ ಅತಿ ಹೆಚ್ಚು ವಿಶ್ರಾಂತಿ ಬೇಕಾಗಿರುವುದೂ ಆಗಲೇ. ಆ ದಿನಗಳಲ್ಲೇ ನೀನು ಹೊರಟು ನಿಂತಿದ್ದೀಯ.

ನೀನು ಏಳನೇ ತರಗತಿಯಲ್ಲಿದ್ದಾಗ ಅಜ್ಜಿಯನ್ನು ಎಂಟು ದಿನ ಆಸ್ಪತ್ರೆಯಲ್ಲಿ ಇಟ್ಟಿದ್ದು ನೆನಪಿದೆಯೇ? ಅದಕ್ಕೂ ಮುಂಚಿನ ವಾರ ನನಗೆ ಇಂಥದ್ದೇ ನೆಗಡಿ. ನಾನಿಲ್ಲದಿದ್ದರೆ ಅಂಗಡಿ ನಡೆಯುವುದಿಲ್ಲ ಎಂದುಕೊಂಡು ದಿನವೂ ಹೋದೆ, ಸಂಜೆ ಬಂದು ಅಜ್ಜಿಯ ಪಕ್ಕದಲ್ಲೇ ಕೂತು ಊಟ ಮಾಡಿದೆ. ಅವಳಿಗೆ ಕೆಮ್ಮು ಎದೆಗಿಳಿದು ನ್ಯುಮೋನಿಯಾ ಆಯಿತು. ನನ್ನಿಂದಲೇ ಎಂದು ಯಾರೂ ಹೇಳಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳು ಒಂದೊಂದು ಉಸಿರಿಗೂ ಹೆಗಲೆತ್ತುವುದನ್ನು ನೋಡುತ್ತಿದ್ದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಿನ್ನ ಪಕ್ಕದ ಮೇಜಿನ ಹುಡುಗಿ ಏಳು ತಿಂಗಳ ಬಸುರಿ ಎಂದಿದ್ದೆ. ಅವಳನ್ನೂ ಒಮ್ಮೆ ನೆನೆದುಕೊ.

ರಜೆ ಕೇಳುವುದಕ್ಕೆ ಸಂಕೋಚ ಬೇಡ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ ಕಾಯಿಲೆ ಮೊದಲಾದ ಕಾರಣಗಳಿಗೆ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆ ಕೊಟ್ಟಿದೆ. ನಮ್ಮ ಅಂಗಡಿಯ ಹುಡುಗರಿಗೂ ನಾನು ಹಾಗೆಯೇ ಕೊಡುತ್ತೇನೆ.

ಆಂಟಿಬಯೋಟಿಕ್ ಬೇಡವೇ ಬೇಡ. ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ. ಸಿಂಬಳ ಹಳದಿಗೆ ತಿರುಗಿತು ಎಂಬ ಒಂದೇ ಕಾರಣಕ್ಕೂ ತೆಗೆದುಕೊಳ್ಳಬಾರದು. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು, ಎರಡು ಮಾತ್ರೆಗಳ ನಡುವೆ ಆರು ಗಂಟೆ ಬಿಡು. ನೆಗಡಿ ಮಾತ್ರೆ ಎಂದು ಕೊಡುವ ಬಹುಪಾಲು ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ನುಂಗಬೇಡ. ಅವು ತೂಕಡಿಕೆಯನ್ನೂ ತರುತ್ತವೆ, ಸ್ಕೂಟರ್ ಮುಟ್ಟಬೇಡ. ಮೂಗು ಬಿಡಿಸುವ ಹನಿ ಮೂರು ದಿನಕ್ಕಿಂತ ಹೆಚ್ಚು ಬೇಡ, ಆಮೇಲೆ ಅದರಿಂದಲೇ ಮೂಗು ಕಟ್ಟತೊಡಗುತ್ತದೆ. ನೋವಿನ ಮಾತ್ರೆ ಬ್ರೂಫೆನ್ ಮಾತ್ರ ಬೇಡ. ಈ ಕಾಲದ ಜ್ವರ ಡೆಂಗಿಯಾಗಿದ್ದರೆ ಅದು ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಹಬೆ ತೆಗೆದುಕೊಳ್ಳುವುದಾದರೆ ಪಾತ್ರೆಯನ್ನು ಮೇಜಿನ ಮೇಲಿಡು, ತೊಡೆಯ ಮೇಲಲ್ಲ. ಹಾಗೆ ಚೆಲ್ಲಿಕೊಂಡು ಸುಟ್ಟುಕೊಂಡವರಿಗೆ ಎಷ್ಟು ಸಲ ಮುಲಾಮು ಕೊಟ್ಟಿದ್ದೇನೋ.

ಏಳರಿಂದ ಹತ್ತು ದಿನಕ್ಕೆ ನೆಗಡಿ ಹೋಗುತ್ತದೆ, ಕೆಮ್ಮು ಎರಡು ಮೂರು ವಾರ ಎಳೆಯಬಹುದು, ಅದಕ್ಕೆ ಹೆದರಬೇಡ. ಜ್ವರ ಮೂರು ದಿನಕ್ಕೂ ಬಿಡದಿದ್ದರೆ, ಬಿಟ್ಟು ಮತ್ತೆ ಬಂದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನನಗೂ ಫೋನ್ ಮಾಡುತ್ತಾ ಕೂರಬೇಡ, ನೇರ ಡಾಕ್ಟರ ಬಳಿಗೆ ಹೋಗು.

ಅಮ್ಮ ರಾತ್ರಿಯೇ ಹುರುಳಿ ನೆನೆಸಿದ್ದಳು. ಕಟ್ಟಿನ ಸಾರು ಸ್ಟೀಲ್ ಡಬ್ಬಿಯಲ್ಲಿದೆ, ಚೆನ್ನಾಗಿ ಕುದಿಸಿ ಕುಡಿ. ಪೊಟ್ಟಣದಲ್ಲಿರುವುದು ಕೊತ್ತಂಬರಿ, ಜೀರಿಗೆ, ಮೆಣಸು, ಒಣಶುಂಠಿ ಹುರಿದು ಕುಟ್ಟಿದ ಕಷಾಯದ ಪುಡಿ. ಮೆಣಸು ನಮ್ಮ ಹಿತ್ತಲಿನ ಬಳ್ಳಿಯದೇ. ಈ ಪತ್ರವನ್ನೂ ಅದೇ ಚೀಲದಲ್ಲಿಟ್ಟು ಬೇಲೂರಿನ ಮೇಲೆ ಹಾಸನಕ್ಕೆ ಬರುವ ಬೆಳಗಿನ ಬಸ್ಸಿಗೆ ಕೊಡುತ್ತೇನೆ. ಬಸ್ ನಿಲ್ದಾಣದಿಂದ ತರಲು ನಿನ್ನ ರೂಮಿನ ಗೆಳತಿಗೆ ಹೇಳಿದ್ದೇನೆ, ನೀನು ಮಲಗಿರು. ಡಬ್ಬಿ ವಾಪಸ್ ಕಳಿಸುವ ಆತುರ ಬೇಡ. ಭಾನುವಾರ ನಾನೇ ಬರುತ್ತೇನೆ.

ನಿನ್ನ
ಅಪ್ಪ