ಖಾಲಿ ಚೀಲದ ತೂಕ

ಪ್ರೀತಿಯ ಮಗನಿಗೆ,

ಕರ್ತನ ನಾಮದಲ್ಲಿ ವಂದನೆ. ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ರೋಬಸ್ಟಾ ಕಾಫಿ ಕೊಯ್ಲು ಶುರುವಾಯಿತು ಅಂತ ಬರೆದು, ಅದರ ಬೆನ್ನಿಗೇ ಒಂದು ಸಾಲು ಸೇರಿಸಿದ್ದೀಯ: "ಸಂಜೆ ಸುಳ್ಳು ತೂಕ ಬರೆದ ಕೈಯನ್ನೇ ಚಾಚಿ ಭಾನುವಾರ ಚರ್ಚಲ್ಲಿ ಕರ್ತನ ಭೋಜನದ ರೊಟ್ಟಿ ತಗೊಳ್ಳೋಕೆ ಭಯ ಆಗುತ್ತೆ ದೊಡ್ಡಪ್ಪ, ಕ್ರಿಸ್ಮಸ್ ದಿನವೂ ಬೆಂಚಲ್ಲೇ ಕೂತಿದ್ದೆ." ಕಾಗದದ ಉಳಿದ ಭಾಗವನ್ನೂ ಓದಿದೆ. ಮನಸ್ಸಿನಲ್ಲಿ ನಿಂತದ್ದು ಇದೊಂದೇ.

ಭಯ ಬಂದದ್ದು ತಪ್ಪಲ್ಲ. ಎಸ್ಟೇಟಿನಲ್ಲಿ ರೈಟರ್, ಅಂದರೆ ತೂಕ ಬರೆಯುವ ಗುಮಾಸ್ತ, ಆದ ಎಷ್ಟೋ ಹುಡುಗರಿಗೆ ಎರಡನೇ ಕೊಯ್ಲಿನ ಹೊತ್ತಿಗೆ ಅದೂ ಸತ್ತುಹೋಗಿರುತ್ತದೆ. ಆದರೆ ಒಂದು ಮಾತು ಕೇಳು. ನೀನು ಬೆಂಚಿನಲ್ಲಿ ಕೂತದ್ದರಿಂದ ಕೊಯ್ಯುವವರಿಗೆ ಒಂದು ಕಿಲೋನೂ ವಾಪಸ್ ಹೋಗಲಿಲ್ಲ. ಭಾನುವಾರ ನೀನು ಉಪವಾಸ ಕೂತೆ, ಸೋಮವಾರ ಸಂಜೆ ಅವರ ಕೂಲಿಯ ತೂಕದಲ್ಲಿ ಚೀಲಕ್ಕೆ ಎರಡು ಕಿಲೋ ಮತ್ತೆ ಕಟ್ ಆಯಿತು. ಭಯ ಕೂರಬೇಕಾದ ಜಾಗ ತಕ್ಕಡಿಯ ಹತ್ತಿರ. ನೀನು ಅದನ್ನು ದೇವಾಲಯಕ್ಕೆ ಕರೆದುಕೊಂಡು ಹೋಗಿ ಕೂರಿಸಿದ್ದೀಯ.

ಪೌಲನು ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆಯ 11ನೇ ಅಧ್ಯಾಯವೇ ನಿನ್ನನ್ನು ಹೆದರಿಸಿರಬೇಕು. "ಅಯೋಗ್ಯವಾಗಿ" ಈ ರೊಟ್ಟಿ ತಿನ್ನುವವನು ಅಪರಾಧಿ ಅನ್ನುವ ಮಾತು ಅಲ್ಲಿಯೇ ಇದೆ. ಆದರೆ 27ನೇ ವಚನದಿಂದ ಶುರು ಮಾಡಬೇಡ, 20ರಿಂದ ಓದು. ಅಲ್ಲಿ ಆಗುತ್ತಿದ್ದದ್ದು ಏನು? ಇದ್ದವರು ಮೊದಲೇ ಕೂತು ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತಲೇ ಪೌಲನ ಸಿಟ್ಟು. ಅಂದರೆ ಆ ಎಚ್ಚರಿಕೆ ಹುಟ್ಟಿದ್ದೇ ದುಡಿಯುವವರ ಪಾಲಿನ ವಿಷಯದಲ್ಲಿ. ಇನ್ನು 28ನೇ ವಚನ: ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡು ರೊಟ್ಟಿಯನ್ನು ತಿನ್ನಲಿ ಎಂದಿದೆ. ಪರೀಕ್ಷಿಸಿಕೊಂಡು ಎದ್ದು ಹೋಗಲಿ ಎಂದಿಲ್ಲ.

ಪರೀಕ್ಷೆ ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ನನ್ನ ಮಟ್ಟಿಗೆ ಖಾಲಿ ಚೀಲದಿಂದ. ದೊಡ್ಡ ವಿಷಯ ಬರೆದವನಿಗೆ ಚೀಲದ ಲೆಕ್ಕ ಹೇಳುತ್ತಿದ್ದೇನೆ ಅಂತ ಬೇಸರ ಮಾಡಿಕೊಳ್ಳಬೇಡ. ಒಂದು ಖಾಲಿ ಚೀಲ ತೂಗಿದರೆ ಆ ತಕ್ಕಡಿ ಸರಿಯಾಗಿ ತೋರಿಸುವುದಿಲ್ಲ, ಅದರ ಅತಿ ಸಣ್ಣ ಅಂಕಿಯೇ 50 ಅಥವಾ 100 ಗ್ರಾಂ ಇರುತ್ತದೆ. ಹತ್ತು ಚೀಲ ಒಟ್ಟಿಗೆ ಕಟ್ಟಿ ತೂಗಿ ಹತ್ತರಿಂದ ಭಾಗಿಸು. ಒಣ ಗೋಣಿಚೀಲವಾದರೆ ಕಿಲೋ ಆಸುಪಾಸು ಬರಬಹುದು. ಪ್ಲಾಸ್ಟಿಕ್ ಚೀಲ ನೂರು, ನೂರೈವತ್ತು ಗ್ರಾಂ. ಇಬ್ಬನಿಗೆ ನೆನೆದ ಗೋಣಿಯನ್ನು ಬೇರೆಯಾಗಿ ತೂಗು, ಅದು ಜಾಸ್ತಿ ಎಳೆಯುತ್ತದೆ. ನಿಮ್ಮಲ್ಲಿ ಈಗ ಹೆಚ್ಚು ಪ್ಲಾಸ್ಟಿಕ್ ಚೀಲವೇ ಅಂತ ಬರೆದಿದ್ದೀಯ. ಹಾಗಿದ್ದರೆ "ಚೀಲದ ತೂಕ" ಅಂತ ಕಳೆಯುವ ಎರಡು ಕಿಲೋದಲ್ಲಿ ಚೀಲದ್ದು ನೂರೈವತ್ತು ಗ್ರಾಂ. ಉಳಿದ ಒಂದು ಕಿಲೋ 850 ಗ್ರಾಂ ಕೊಯ್ದವಳದ್ದು.

ಇದರ ಮೇಲೆ ಇನ್ನೊಂದಿದೆ, ಅದನ್ನು ಯಾರೂ ಕಳ್ಳತನ ಅಂತ ಕರೆಯುವುದಿಲ್ಲ. 47 ಕಿಲೋ 800 ಬಂದರೆ 47 ಅಂತ ಬರೆಯುವುದು. ಯಾವಾಗಲೂ ಕೆಳಗಿನ ಅಂಕಿಗೇ ಇಳಿಸಿದರೆ ಸರಾಸರಿ ಚೀಲಕ್ಕೆ ಅರ್ಧ ಕಿಲೋ ಹೋಗುತ್ತದೆ. ದಿನಕ್ಕೆ 60 ಚೀಲ ಅಂತ ಹಿಡಿ: ಕಡಿತದಲ್ಲಿ 111 ಕಿಲೋ, ಇಳಿಸಿ ಬರೆಯುವುದರಲ್ಲಿ 30, ಒಟ್ಟು 141 ಕಿಲೋ. ಕಿಲೋಗೆ 5 ರೂಪಾಯಿ ಅಂತಲೇ ಇಟ್ಟುಕೋ, ದಿನಕ್ಕೆ 705 ರೂಪಾಯಿ, 40 ದಿನದ ಕೊಯ್ಲಿಗೆ 28,200. ಒಬ್ಬೊಬ್ಬರ ಲೆಕ್ಕದಲ್ಲಿ ನೋಡಿದರೆ ಸಣ್ಣದು. ಹಾಗಾಗಿಯೇ ಇದು ವರ್ಷಗಟ್ಟಲೆ ನಡೆಯುತ್ತದೆ.

ತೋಟದ ಸಾಹುಕಾರರ ಕಡೆಯ ಮಾತಿನಲ್ಲೂ ನ್ಯಾಯವಿದೆ, ಅದನ್ನು ತಳ್ಳಿಹಾಕಬೇಡ. ಎಲೆ, ಕಡ್ಡಿ, ಹಸಿರು ಕಾಯಿ, ಒಮ್ಮೊಮ್ಮೆ ತಳದಲ್ಲಿ ಕಲ್ಲು, ಇವೆಲ್ಲ ಚೀಲದೊಳಗೆ ಬರುತ್ತವೆ. ಅದಕ್ಕೆ ದಾರಿ, ತೂಗುವ ಮೊದಲು ಟಾರ್ಪಾಲಿನ ಮೇಲೆ ಸುರಿಸಿ ಅವರ ಕೈಯಲ್ಲೇ ಆರಿಸಿಸುವುದು. ಹತ್ತು ನಿಮಿಷ ತಡವಾಗುತ್ತದೆ, ಮೇಸ್ತ್ರಿ ಗೊಣಗುತ್ತಾನೆ. ಆದರೆ ಒಬ್ಬ ಕಲ್ಲು ಹಾಕಿದ್ದಕ್ಕೆ ಅರವತ್ತು ಚೀಲಕ್ಕೂ ದಂಡ ಹಾಕುವುದು ತಪ್ಪುತ್ತದೆ.

ತಕ್ಕಡಿಯನ್ನು ಮರದ ತೊಲೆಗೆ ಭದ್ರವಾಗಿ ತೂಗುಹಾಕು, ಇಬ್ಬರ ಹೆಗಲ ಮೇಲಿನ ಕೋಲಿಗೆ ಬೇಡ. ತೂಗಾಡುವಾಗ ಅಂಕಿ ಓದಬಾರದು. ಕೊಕ್ಕೆ, ಹಗ್ಗ ಹಾಕಿದ ಮೇಲೆ ಸೊನ್ನೆ ಮಾಡು, ಅದಕ್ಕೆ ಮೊದಲಲ್ಲ. ಅಂಕಿ ಕಾಣುವ ಮುಖ ಅವರ ಕಡೆಗಿರಲಿ. ಈಗ ಕೊಯ್ಲಿಗೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರೇ ಹೆಚ್ಚು. ಒಂದರಿಂದ ನೂರರವರೆಗೆ ಹಿಂದಿಯಲ್ಲಿ ಎಣಿಸಲು ಕಲಿತು ತೂಕವನ್ನು ಗಟ್ಟಿಯಾಗಿ ಹೇಳು. ಗಂಡ ಹೆಂಡತಿ ಇಬ್ಬರೂ ಕೊಯ್ದದ್ದನ್ನು ಗಂಡನ ಹೆಸರಿಗೇ ಬರೆಯುವ ರೂಢಿ ಇದೆ, ಅದನ್ನು ನಿಲ್ಲಿಸು. ಬಟವಾಡೆಯ ದಿನ ಅವಳ ಹಣ ಅವಳ ಕೈಗೇ ಹೋಗಲಿ. ಯಾಜಕಕಾಂಡ 19:13 ಕೂಲಿಯವನ ಕೂಲಿ ಮರುದಿನದ ತನಕ ನಿನ್ನಲ್ಲಿ ಇರಬಾರದು ಅನ್ನುತ್ತದೆ. ವಾರಕ್ಕೊಮ್ಮೆ ಬಟವಾಡೆ ಅಂತ ಒಪ್ಪಂದವಿದ್ದರೆ ಆ ವಾರ ದಾಟಬಾರದು. ಚಿಲ್ಲರೆ ಇಲ್ಲ ಅಂತ ಎರಡು ಮೂರು ರೂಪಾಯಿ ಉಳಿಸಿಕೊಳ್ಳುವುದೂ ಅದರಲ್ಲೇ ಬಂತು.

ಇದನ್ನೆಲ್ಲ ಬರೆಯುವಾಗ ನಮ್ಮ ಸಭೆಗಳ ಮೇಲೇ ಬೇಸರ ಬರುತ್ತದೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್‌ನ ಮಿಷನರಿಗಳು 1865ರಲ್ಲಿ ಅಲ್ಲಿನ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು, ಕ್ರೈಸ್ತರಾಗಿ ಜಾತಿ ಕಳೆದುಕೊಂಡು ಕಸುಬೂ ಕಳೆದುಕೊಂಡವರಿಗೆ ಕೆಲಸ ಬೇಕಿತ್ತು ಅಂತ. ಕೂಲಿ, ಉಪದೇಶ ಎರಡೂ ಒಂದೇ ಕೈಯಿಂದ ಬರುವುದರಲ್ಲಿ ತೊಡಕು ಇಲ್ಲದೆ ಇರಲಿಲ್ಲ. ಆದರೂ ಹೆಂಚಿನ ಮೇಲೆ ಹೆಸರು ಒತ್ತಿ ಕಳಿಸುವಾಗ ಕೆಲಸವೂ ಸಾಕ್ಷಿಯೇ ಅನ್ನುವ ಭಾವನೆ ಇತ್ತು. ನಮ್ಮ ತಲೆಮಾರಿಗೆ ಬರುವಷ್ಟರಲ್ಲಿ ಏನಾಯಿತು? ಸಂಡೇ ಸ್ಕೂಲಿನಲ್ಲಿ ಬಾಯಿಪಾಠದ ವಚನಗಳಿಗೆ ಬಹುಮಾನ ಕೊಟ್ಟೆವು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರಗಟ್ಟಲೆ ಕೂಗಿದವರಿಗೆ ಚಪ್ಪಾಳೆ ಹೊಡೆದೆವು. ಯಾರು ಕುಡಿಯುತ್ತಾರೆ, ಯಾರ ಮಗಳು ಯಾರನ್ನು ಮದುವೆಯಾದಳು ಅನ್ನುವುದನ್ನೆಲ್ಲ ಸಭಾ ಕಮಿಟಿಯಲ್ಲಿ ಚರ್ಚಿಸಿದೆವು. ಆಳುಗಳ ಕೂಲಿ ಸರಿಯಾಗಿ ಕೊಡುತ್ತೀರಾ ಅಂತ ಒಬ್ಬ ಸಭಿಕನನ್ನೂ ಕೇಳಲಿಲ್ಲ. ನಿಮ್ಮ ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ ಅಂತ ಯಾಕೋಬನ ಪತ್ರಿಕೆ 5:4ರಲ್ಲಿದೆ, ಕಾಫಿ ಸೀಮೆಯ ದೇವಾಲಯಗಳಲ್ಲಿ ಅದರ ಮೇಲೆ ಪ್ರಸಂಗ ಆಗುವುದು ಅಪರೂಪ. ಮುಂದಿನ ಸಾಲಿನ ಬೆಂಚುಗಳಲ್ಲಿ ಯಾರು ಕೂರುತ್ತಾರೆ ನಿನಗೆ ಗೊತ್ತೇ ಇದೆ. ಹೀಗಿರುವಾಗ ನಿನ್ನಂಥ ಹುಡುಗ ಒಬ್ಬನೇ ಕೂತು ಹೆದರಬೇಕಾಗಿ ಬಂತಲ್ಲ ಅನ್ನಿಸುತ್ತದೆ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಕೆಲಸ ಬಿಟ್ಟರೆ ಶುದ್ಧನಾಗುತ್ತೇನಾ ಅಂತ ಕೇಳಿದ್ದೀಯ. ಲೂಕ 3ರಲ್ಲಿ ಸುಂಕದವರು ಸ್ನಾನಿಕನಾದ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಅಂದಾಗ, ಸುಂಕದ ಕಟ್ಟೆ ಬಿಟ್ಟು ಬನ್ನಿ ಅಂತ ಅವನು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಅಂದ, ಅಷ್ಟೇ. ಇವತ್ತು ನೀನು ಬಿಟ್ಟರೆ ನಾಳೆ ಆ ಕೊಕ್ಕೆಯ ಹತ್ತಿರ ನಿಲ್ಲುವವನು ಹೆದರದವನು. ಹಾಗಂತ ಏನೇ ಆದರೂ ಅಲ್ಲೇ ಅಂಟಿಕೊಂಡಿರು ಅಂತಲೂ ಅಲ್ಲ. ಅದನ್ನು ಕೆಳಗೆ ಬರೆಯುತ್ತೇನೆ.

ಸಾಹುಕಾರರ ಹತ್ತಿರ ಒಬ್ಬನೇ ಹೋಗು. ಮತ್ತಾಯ 18:15ರ ಕ್ರಮವೂ ಅದೇ, ಮೊದಲು ಇಬ್ಬರೇ ಇರುವಾಗ. ಬಟವಾಡೆಯ ದಿನ ಬೇಡ, ಆವತ್ತು ಅವರ ತಲೆ ಬಿಸಿಯಾಗಿರುತ್ತದೆ. ಯಾಕೋಬನ ವಚನ ಹಿಡಿದುಕೊಂಡು ಹೋಗಬೇಡ, ಹತ್ತು ಚೀಲ ತೂಗಿದ ಚೀಟಿ ಹಿಡಿದುಕೊಂಡು ಹೋಗು. "ಸಾರ್, ಚೀಲ ತೂಗಿ ನೋಡಿದೆ, ಇಷ್ಟು ಬಂತು. ಇನ್ನು ಮೇಲೆ ಇಷ್ಟನ್ನೇ ಕಳೆಯೋಣ. ಕಡ್ಡಿ ಕಾಯಿ ಮೊದಲೇ ಆರಿಸಿಸ್ತೀನಿ." ಇಷ್ಟೇ ಮಾತು. ಕೊಯ್ಲಿನ ನಡುವೆ ಆಳುಗಳು ಗಂಟು ಕಟ್ಟಿಕೊಂಡು ಪಕ್ಕದ ತೋಟಕ್ಕೆ ಹೋಗುವುದು ಯಾಕೆ ಅನ್ನುವುದು ಅವರಿಗೂ ಗೊತ್ತಿದೆ. ಹಣ್ಣು ಗಿಡದಲ್ಲೇ ಒಣಗಿ ಉದುರಿದರೆ ಆಗುವ ನಷ್ಟದ ಮುಂದೆ ಈ 705 ರೂಪಾಯಿ ಏನೂ ಅಲ್ಲ.

ಒಪ್ಪದೆ ಇದ್ದರೆ? ತೂಕದ ಪುಸ್ತಕದಲ್ಲಿ ಮೂರು ಅಂಕಣ ಹಾಕು: ಒಟ್ಟು ತೂಕ, ಕಡಿತ, ನಿವ್ವಳ. ಕಡಿತ ಎರಡು ಕಿಲೋ ಅಂತ ಅವರು ಹೇಳಿದರೆ ಕಡಿತದ ಅಂಕಣದಲ್ಲೇ ಎರಡು ಅಂತ ಬರೆದು ಕೊಯ್ದವರಿಗೂ ಹಾಗೆಯೇ ಹೇಳು. ಆಗ ಅದು ಅನ್ಯಾಯದ ದರವಾಗುತ್ತದೆ, ಆದರೆ ಬೆಳಕಿನಲ್ಲಿರುತ್ತದೆ. ಅವರು ಜಗಳವಾಡಬಹುದು, ಬಿಟ್ಟು ಹೋಗಬಹುದು. ಮೊದಲ ಎರಡು ಅಂಕಣ ಮುಚ್ಚು, ನಿವ್ವಳ ಮಾತ್ರ ಬರೆ ಅಂತ ಹೇಳಿದರೆ ಅಲ್ಲಿಗೆ ನಿಲ್ಲು. ಅದು ನಿನ್ನ ಕೈಯಲ್ಲಿ ಸುಳ್ಳು ಬರೆಸುವುದು. ಬೇರೆ ಕೆಲಸ ಹುಡುಕು. ನಿನ್ನ ಖರ್ಚಿಗೆ, ಊರಿಗೆ ಕಳಿಸುವುದಕ್ಕೆ ಮೂರು ತಿಂಗಳಿಗೆ ಆಗುವಷ್ಟು ಕೈಯಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ನನಗೆ ತಿಳಿಸು. ಧೈರ್ಯ ಮಾಡು ಅಂತ ಹೇಳುವುದು ದೂರ ಕೂತವನಿಗೆ ಸುಲಭ, ಗೊತ್ತು.

ಕ್ರಿಸ್ಮಸ್‌ಗೆ ಮೊದಲು "ತೂಕ ಬಿಗಿಯಾಗಿ ನೋಡಿಕೊಂಡಿದ್ದಕ್ಕೆ" ಅಂತ ಸಾಹುಕಾರರು ಕೊಟ್ಟ ಐದು ಸಾವಿರದ ವಿಷಯ. ಅದನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿಬಿಡುತ್ತೇನೆ ಅಂದಿದ್ದೀಯ. ಬೇಡ. ಯಾಜಕಕಾಂಡ 6ರಲ್ಲಿ ಮೋಸದಿಂದ ಬಂದದ್ದನ್ನು ಐದನೇ ಒಂದು ಪಾಲು ಸೇರಿಸಿ ಯಾರದ್ದೋ ಅವರಿಗೇ ಕೊಡಬೇಕು ಅಂತಿದೆ, ಪ್ರಾಯಶ್ಚಿತ್ತದ ಯಜ್ಞದ ಮಾತು ಆಮೇಲೆ ಬರುತ್ತದೆ. ಐದು ಸಾವಿರಕ್ಕೆ ಒಂದು ಸಾವಿರ ಸೇರಿಸಿ ಆರು ಸಾವಿರ. ಆಗ ಅರೇಬಿಕಾ ಕಾಫಿ ಕೊಯ್ದವರಲ್ಲಿ 24 ಮಂದಿ ಇನ್ನೂ ತೋಟದ ಲೈನ್ ಮನೆಗಳಲ್ಲಿದ್ದಾರೆ ಅಂದೆಯಲ್ಲ, ತಲೆಗೆ 250 ಆಗುತ್ತದೆ. ಪುಸ್ತಕದಲ್ಲಿ ಕಿಲೋ ಇರುವ ಪ್ರಕಾರ ಹಂಚಿದರೆ ಇನ್ನೂ ಸರಿ. "ಹಿಂದಿನ ತೂಕದ ಬಾಕಿ" ಅಂತ ಹೇಳಿ ಕೊಡು. ಸುವಾರ್ತೆ ಹೇಳಲು ಅದು ಸಮಯವಲ್ಲ, ಕರಪತ್ರವನ್ನಂತೂ ಜೊತೆಗೆ ಇಡಲೇಬೇಡ. ಆ 28,200ರಲ್ಲಿ ಉಳಿದ ಇಪ್ಪತ್ತು ಚಿಲ್ಲರೆ ಸಾವಿರ ಸಾಹುಕಾರರ ಹತ್ತಿರ ಇದೆ, ಅದನ್ನು ನಿನ್ನ ಸಂಬಳದಿಂದ ತೀರಿಸಲು ಹೋಗಬೇಡ. ಅದಕ್ಕೂ ನಿನ್ನ ಭಯ ಒಪ್ಪುವುದಿಲ್ಲ, ಗೊತ್ತು. ನಿನ್ನ ಕೈಗೆ ಬಂದದ್ದಕ್ಕೆ ನೀನು ಜವಾಬ್ದಾರ, ಅವರ ಪಾಲಿನ ಮಾತನ್ನು ಅವರ ಮುಂದೆ ಒಮ್ಮೆ ಆಡಿದ್ದರೆ ಸಾಕು.

ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಅಂತ ಮತ್ತಾಯ 5:24ರಲ್ಲಿದೆಯಲ್ಲ, ಹಾಗಾದರೆ ಎಲ್ಲ ಸರಿಮಾಡಿದ ಮೇಲೆಯೇ ಕರ್ತನ ಭೋಜನಕ್ಕೆ ಹೋಗಬೇಕೇ ಅಂತ ನೀನು ಕೇಳಬಹುದು. ಆ ವಚನ "ಆಮೇಲೆ ಬಂದು" ಅಂತ ಮುಗಿಯುತ್ತದೆ, ಬರುವುದನ್ನು ಬಿಡು ಅನ್ನುವುದಿಲ್ಲ. ಈ ವಾರ ಚೀಲ ತೂಗು, ಸಾಹುಕಾರರ ಹತ್ತಿರ ಮಾತಾಡು, ಕೈಯಲ್ಲಿರುವ ಹಣ ಹಂಚು. ಅವರು ಏನು ಉತ್ತರ ಕೊಡುತ್ತಾರೆ ಅನ್ನುವುದಕ್ಕೆ ಕಾಯಬೇಡ, ಭಾನುವಾರ ಎದ್ದು ಹೋಗು. ಒಬ್ಬನಿಗೇ ಆಗುವುದಿಲ್ಲ ಅನ್ನಿಸಿದರೆ ಶನಿವಾರವೇ ಸಭಾಪಾಲಕರಾದ ಅಯ್ಯನವರನ್ನು ಕಂಡು ಇದ್ದದ್ದು ಇದ್ದ ಹಾಗೆ ಹೇಳು. ಆರಾಧನೆ ಮುಗಿದು ಬಾಗಿಲಲ್ಲಿ ಕೈಕುಲುಕುವಾಗ ಹೇಳಬೇಡ, ಆಗ ಅವರಿಗೆ ಕೇಳಿಸುವುದೂ ಇಲ್ಲ.

ನಿನ್ನ ದೊಡ್ಡಪ್ಪ

ಒಂದು ಮಾತು ಬಿಟ್ಟುಹೋಗಿತ್ತು. ತಕ್ಕಡಿಯೇ ಸರಿ ಇದೆಯೋ ನೋಡು. ಲೀಟರ್ ಅಳತೆಯಿಂದ 20 ಲೀಟರ್ ನೀರು ಅಳೆದು ಕ್ಯಾನಿಗೆ ಹಾಕಿ ತೂಗಿದರೆ, ಖಾಲಿ ಕ್ಯಾನಿನ ತೂಕ ಬಿಟ್ಟು 20 ಕಿಲೋ ಬರಬೇಕು. ಕೂಲಿ ಲೆಕ್ಕಕ್ಕೆ ತೂಗುವ ತಕ್ಕಡಿಯೂ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅಡಿ ಬರುತ್ತದೆ, ಎಲೆಕ್ಟ್ರಾನಿಕ್ ಆದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಸಾಹುಕಾರರ ಜೊತೆ ಮಾತು ಶುರು ಮಾಡಲು ಬೇರೇನೂ ತೋಚದಿದ್ದರೆ, ಮುದ್ರೆಯ ಅವಧಿ ಮುಗಿದಿದೆಯಾ ನೋಡಿ ಅಲ್ಲಿಂದಲೇ ಶುರು ಮಾಡಬಹುದು.