ಸೌಹಾರ್ದ ಸಮಿತಿ ಸದಸ್ಯರ ಗಮನಕ್ಕೆ: ಹಬ್ಬದ ಮೆರವಣಿಗೆ ತಯಾರಿ

ಎಲ್ಲರಿಗೂ ನಮಸ್ಕಾರ, ಸಲಾಂ. ಹಬ್ಬ ಬಾಗಿಲಿಗೆ ಬಂದ ಮೇಲೆ ಠಾಣೆಯಲ್ಲಿ ಚಹಾ ಕುಡಿದು ಏಳುವ ಶಾಂತಿ ಸಭೆಯಿಂದ ಏನೂ ಆಗದು. ಮೂರು ವಾರ ಮುಂಚೆಯೇ ಸೇರೋಣ. ಹಿರಿಯರಷ್ಟೇ ಸಾಲದು; ಮೆರವಣಿಗೆ ನಡೆಸುವ ಹುಡುಗರು, ಡಿಜೆಯವರು, ಆ ಬೀದಿಯ ಅಂಗಡಿಯವರು, ಹೆಣ್ಣುಮಕ್ಕಳು ಬರಲೇಬೇಕು.

ದಾರಿಯನ್ನು ಕೂತಲ್ಲೇ ಒಪ್ಪಬೇಡಿ, ಎರಡೂ ಕಡೆಯವರು ಒಟ್ಟಿಗೆ ನಡೆದು ನೋಡಿ. ಕಿರಿಕಿರಿ ಶುರುವಾಗುವುದು ಮೆರವಣಿಗೆ ಮಸೀದಿ ಅಥವಾ ಗುಡಿ ಮುಂದೆ ನಿಂತುಬಿಟ್ಟಾಗ. ನಮಾಜು, ಮಂಗಳಾರತಿಯ ಹೊತ್ತು ಬರೆದುಕೊಂಡು, ಆ ಜಾಗ ದಾಟುವ ಸಮಯ ಗೊತ್ತುಮಾಡಿ. ಬಾವುಟ, ಬ್ಯಾನರ್ ಕಟ್ಟುವ ದಿನದ ಜೊತೆ ಬಿಚ್ಚುವ ದಿನವೂ ಬರಹದಲ್ಲಿರಲಿ (ಎಲ್ಲರೂ ಮರೆಯುವುದು ಇದನ್ನೇ). 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ.

2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿ (ಗಣೇಶ ವಿಸರ್ಜನೆಯ ದಿನ), ಈದ್ ಮಿಲಾದ್ ಒಂದೇ ದಿನ ಬಿದ್ದಾಗ ಮುಂಬೈಯಲ್ಲಿ ಮಿಲಾದ್ ಮೆರವಣಿಗೆಯನ್ನು ಮರುದಿನಕ್ಕೆ ಸರಿಸಿದರು. ಹೀಗೆ ದಿನ ಬಿಟ್ಟುಕೊಟ್ಟವರಿಗೆ ಇನ್ನೊಂದು ಕಡೆಯವರು ನೀರು, ಸ್ವಯಂಸೇವಕರನ್ನು ಒದಗಿಸಲಿ. ಪ್ರತಿಸಲ ಒಬ್ಬರೇ ಸರಿಯಬೇಕಾದರೆ ಮಾತುಕತೆ ಮುರಿಯುತ್ತದೆ.

ಗಲಾಟೆಯ ವಿಡಿಯೊ ಬಂದರೆ ಯಾರಿಗೂ ಕಳಿಸಬೇಡಿ. ಮೊದಲು ಆ ಬೀದಿಯ ಇಬ್ಬರು ಸದಸ್ಯರಿಗೆ, ಎರಡೂ ಸಮುದಾಯದಿಂದ ಒಬ್ಬೊಬ್ಬರಿಗೆ, ಕರೆ ಮಾಡಿ ಕೇಳಿ. ನಿಜವಾದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.