ಕರಿ ಮೇಕೆಯ ಊದಿದ ಮಂಡಿ

ಅಪ್ಪನಿಗೆ ನಮಸ್ಕಾರ.

ಕರಿ ಮೇಕೆಯ ಮುಂಗಾಲಿನ ಮಂಡಿ ಊದಿದೆ ಅಂತ ನೀವು ಹೋದ ವಾರ ಫೋನಿನಲ್ಲಿ ಹೇಳಿದಿರಿ. ಎಲ್ಲೋ ಪೆಟ್ಟು ಬಿದ್ದಿರಬೇಕು ಅಂದುಕೊಂಡು ನಾನೂ ಸುಮ್ನಾದೆ. ಆದರೆ ಎರಡೂ ಮಂಡಿ, ಅದೂ ತಿಂಗಳುಗಟ್ಟಲೆ ನಿಧಾನವಾಗಿ ಊದಿದ್ದು ಅಂತ ಆಮೇಲೆ ನೆನಪಾಯಿತು. ನಾನು ಕೆಲಸ ಮಾಡುವ ಮೇಕೆ ಡೇರಿಯಲ್ಲಿ ಅಂಥ ಮಂಡಿಗಳನ್ನು ದಿನವೂ ನೋಡುತ್ತೇನೆ. ಇಲ್ಲಿ ಅದಕ್ಕೆ 'ದೊಡ್ಡ ಮಂಡಿ' ಅಂತಲೇ ಹೆಸರು. ಜಾಸ್ತಿ ಆದಾಗ ಮೇಕೆಗಳು ಕಾಲು ಮಡಿಸಿಕೊಂಡು ಮಂಡಿಯ ಮೇಲೇ ನಡೆಯುತ್ತವೆ. ಮೇವಿಗೆ ಎಲ್ಲವೂ ನುಗ್ಗಿದ ಮೇಲೆ ಇವು ಬರುತ್ತವೆ.

ಇದು ವಯಸ್ಸಿನ ವಾತ ಅಲ್ಲ ಅಪ್ಪ, ವೈರಸ್. ಸಿಎಇ ಅಂತಾರೆ, ಅಂದರೆ ಮೇಕೆಗಳ ಕೀಲು ಮತ್ತು ಮೆದುಳಿಗೆ ಉರಿಯೂತ ತರುವ ರೋಗ. 1980ರಲ್ಲಿ ಅಮೆರಿಕದ ವಿಜ್ಞಾನಿಗಳು ಊದಿದ ಕೀಲಿನಿಂದಲೇ ಅದನ್ನು ಹೊರತೆಗೆದು, ಕಾರಣ ಇದೇ ಅಂತ ತೋರಿಸಿದರು. ಎಚ್‌ಐವಿಗೆ ದೂರದ ನೆಂಟ. ಇಷ್ಟು ಓದಿ ಅಮ್ಮ ಗಾಬರಿಯಾಗುವುದು ಬೇಡ, ಮನುಷ್ಯರಿಗೆ ಇದು ಅಂಟುವುದಿಲ್ಲ. ವೈರಸ್ ರಕ್ತದ ಬಿಳಿ ಕಣಗಳಲ್ಲಿ ಅಡಗಿರುತ್ತದೆ. ಮೈ ಅದರ ಜೊತೆ ಜಗಳ ಆಡುತ್ತದೆ, ಆದರೆ ಓಡಿಸಲು ಆಗುವುದಿಲ್ಲ. ಮುಗಿಯದ ಆ ಜಗಳದಲ್ಲೇ ಕೀಲು ಕೆಡುವುದು. ತಮಾಷೆ ಅಂದರೆ, ಸೋಂಕು ತಗುಲಿದ ಎಷ್ಟೋ ಮೇಕೆಗಳು ಸಾಯುವ ತನಕ ಕುಂಟುವುದೇ ಇಲ್ಲ. ಕೆಲವಕ್ಕೆ ಮರಿ ಹಾಕಿದಾಗ ಕೆಚ್ಚಲು ಕಲ್ಲಿನಂತಾಗುತ್ತದೆ. ಎಳೆ ಮರಿಗಳಲ್ಲಿ ಕೆಲವಕ್ಕೆ ಮೂರ್ನಾಲ್ಕು ತಿಂಗಳಿಗೇ ಹಿಂಗಾಲಿನ ಶಕ್ತಿ ಹೋಗುತ್ತದೆ. ಅದನ್ನು ನೋಡುವುದು ಕಷ್ಟ.

ಹರಡುವುದು ಮುಖ್ಯವಾಗಿ ತಾಯಿಯ ಹಾಲಿನಿಂದ, ಗಿಣ್ಣು ಹಾಲಿನಿಂದಲೇ ಶುರು. ಅದಕ್ಕೇ ಇಲ್ಲಿ ಮರಿ ಹಾಕುವ ರಾತ್ರಿ ನಾವು ಟವೆಲ್ ಹಿಡಿದು ಕಾಯುತ್ತೇವೆ. ಮರಿ ನೆಲಕ್ಕೆ ಬಿದ್ದ ಕೂಡಲೇ, ತಾಯಿ ನೆಕ್ಕುವ ಮುಂಚೆ ಎತ್ತಿಕೊಂಡು ಹೋಗುತ್ತೇವೆ. ತಾಯಿ ಕೂಗುತ್ತಲೇ ಇರುತ್ತದೆ. ಮೊದಲ ಸಲ ನನ್ನ ಕೈಯಲ್ಲಿ ಆಗಲೇ ಇಲ್ಲ. ಗಿಣ್ಣು ಹಾಲನ್ನು 56 ಡಿಗ್ರಿಯಲ್ಲಿ ಪೂರ್ತಿ ಒಂದು ಗಂಟೆ ಕಾಯಿಸಿ, ಆರಿಸಿ ಕುಡಿಸುತ್ತೇವೆ. ಬಿಸಿ ಕಮ್ಮಿಯಾದರೆ ವೈರಸ್ ಉಳಿಯುತ್ತದೆ, ಜಾಸ್ತಿಯಾದರೆ ಹಾಲು ಗಟ್ಟಿಯಾಗುತ್ತದೆ. ಒಂದು ಪಾತ್ರೆ ನಾನೂ ಕೆಡಿಸಿದ್ದೇನೆ, ಬೈಸಿಕೊಂಡಿದ್ದೇನೆ.

ಇದಕ್ಕೆ ಲಸಿಕೆ ಇಲ್ಲ, ಗುಣಮಾಡುವ ಔಷಧಿಯೂ ಇಲ್ಲ. ನೋವಿಗೆ ಮದ್ದು, ಮಲಗಲು ಮೆತ್ತನೆ ಜಾಗ, ಗೊರಸು ಕತ್ತರಿಸುವುದು, ಇಷ್ಟೇ. ಆದರೂ ಇದೇ ರೋಗ ಅಂತ ನನ್ನ ಮಾತಿನ ಮೇಲೆ ತೀರ್ಮಾನ ಮಾಡಬೇಡಿ. ಬ್ಯಾಕ್ಟೀರಿಯಾದಿಂದಲೂ ಕೀಲು ಊದುತ್ತದೆ. ಆಗ ಸಾಮಾನ್ಯವಾಗಿ ಜ್ವರ ಇರುತ್ತದೆ, ಮುಟ್ಟಿದರೆ ಬಿಸಿ, ಅದಕ್ಕೆ ಔಷಧಿಯೂ ಬೇರೆ. ಡಾಕ್ಟರನ್ನು ಕರೆಸಿ, ರಕ್ತ ಪರೀಕ್ಷೆ ಮಾಡಿಸಿ. ಉಳಿದ ಮೇಕೆಗಳದ್ದೂ. ಹಾಲು ಕುಡಿಯುವ ಮರಿಗಳದ್ದು ಈಗಲೇ ಬೇಡ, ತಾಯಿಯಿಂದ ಬಂದ ಪ್ರತಿಕಾಯಗಳು, ಅಂದರೆ ವೈರಸ್ ಜೊತೆ ಜಗಳ ಆಡಲು ತಾಯಿಯ ಮೈ ಮಾಡಿದ ವಸ್ತುಗಳು, ಆರು ತಿಂಗಳ ತನಕ ಪರೀಕ್ಷೆಯ ದಾರಿ ತಪ್ಪಿಸಬಹುದು.

ಕರಿ ಮೇಕೆ ಗಬ್ಬ ಇದೆ ಅಂದಿರಿ, ಅಲ್ವಾ? ಕಟ್ಟಿಸಿದ ದಿನದಿಂದ ಐದು ತಿಂಗಳು ಎಣಿಸಿ, ಯಾವಾಗ ಅಂತ ತಿಳಿಸಿ. ಆ ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ, ನಾನು ಎದ್ದಿರುತ್ತೇನೆ.

ನಿಮ್ಮ ಮಗಳು